ಅಡ್ಡಬೀಳುವ ನೆನಪು, ಲೆಕ್ಕ ಕೇಳುವ ನೆನಪು

ಈಚಿನ ಕನ್ನಡ ಸಿನಿಮಾ ನೋಡುವವರಿಗೆ ಈ ನೋಟ ಹೊಸದಲ್ಲ. ನಾಯಕ ತೆರೆಗೆ ಬರುವ ಮುಂಚೆ ಗೋಡೆಯ ಮೇಲೆ ಒಂದು ಪಟ ಕಾಣುತ್ತದೆ. ರಾಜಕುಮಾರ್ ಪಟ, ಇಲ್ಲವೇ ವಿಷ್ಣುವರ್ಧನ್ ಪಟ, ಇಲ್ಲವೇ ಆಟೋ ಹಿಂದೆ ಅಂಟಿಸಿದ ಶಂಕರನಾಗ್ ಪಟ. ಅದಕ್ಕೊಂದು ಕೈ ಮುಗಿದ ಮೇಲೇ ಹೊಡೆದಾಟ ಶುರು. ನಡುನಡುವೆ ಹಳೆಯ ಚಿತ್ರದ ಮಾತೊಂದು, ಹಳೆಯ ಹಾಡಿನ ಎಳೆಯೊಂದು, ಹಳೆಯ ನಾಯಕನ ನಡಿಗೆಯೊಂದು. ಪ್ರತಿಯೊಂದಕ್ಕೂ ಶಿಳ್ಳೆ. ಗುರುತು ಹಿಡಿದವನಿಗೆ ಖುಷಿ. ಹಿಡಿಯದವನಿಗೆ ಪಕ್ಕದವನ ಮುಖ ನೋಡುವ ಪಾಡು.

ಇದು ಸಿನಿಮಾದ ಮಾತು ಮಾತ್ರವಲ್ಲ. ಕವಿತೆ, ನಾಟಕ, ಹಾಡು, ಕಾದಂಬರಿ ಎಲ್ಲದರಲ್ಲೂ ಹಿಂದಿನವರ ಹೆಸರು, ಹಿಂದಿನ ಕೃತಿಯ ಚೂರು, ಜನ ಮೆಚ್ಚಿದ ಮುಖ ತುಂಬಿ ತುಳುಕುತ್ತಿವೆ. ಇದನ್ನು ಬರೀ ಕಳ್ಳತನ ಅಂತ ತಳ್ಳಿಹಾಕುವವರಿದ್ದಾರೆ, ಬರೀ ಗೌರವ ಅಂತ ಒಪ್ಪಿಕೊಳ್ಳುವವರಿದ್ದಾರೆ. ನಮಗೆ ಎರಡೂ ಸಾಲವು. ನೆನೆಯುವುದರಲ್ಲಿ ಎರಡು ಬಗೆಯಿದೆ ಅಂತ ನಾವು ಹೇಳುತ್ತೇವೆ. ಒಂದು ಅಡ್ಡಬೀಳುವ ನೆನಪು. ಇನ್ನೊಂದು ಲೆಕ್ಕ ಕೇಳುವ ನೆನಪು. ಮೊದಲನೆಯದು ಸತ್ತವರ ಪಟ ತರುತ್ತದೆ. ಎರಡನೆಯದು ಅವರು ಕೇಳಿ ಹೋದ ಪ್ರಶ್ನೆಯನ್ನು ತರುತ್ತದೆ. ಒಂದು ಕೃತಿ ಎಷ್ಟು ಹೆಸರು ತುಂಬಿಕೊಂಡಿದೆ ಅನ್ನುವುದರ ಮೇಲೆ ಅದರ ಬೆಲೆ ಕಟ್ಟಬಾರದು. ಹೆಸರಿನ ಜೊತೆ ಪ್ರಶ್ನೆ ಬಂತೋ ಇಲ್ಲವೋ ಅನ್ನುವುದೇ ಅಳತೆಗೋಲು.

ಇದನ್ನು ಲೊಕ್ಕನಹಳ್ಳಿಯಲ್ಲಿ ಕೂತು ಹೇಳುವುದಕ್ಕೆ ಕಾರಣವಿದೆ. 1956ರವರೆಗೆ ಮದ್ರಾಸಿನ ಕಡೆಯ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ ಸೀಮೆ ಇದು. ಈಗ ಹನೂರು ತಾಲ್ಲೂಕು. ಒಂದು ಕಡೆ ಮಾದೇಶ್ವರನ ಬೆಟ್ಟ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ, ಸಿದ್ದಪ್ಪಾಜಿಯ ಚಿಕ್ಕಲ್ಲೂರು ಇದೇ ಸೀಮೆಯಲ್ಲಿ. ಕಾಡಂಚಿಗೆ ಸೋಲಿಗರ ಪೋಡು, ಒಡೆಯರಪಾಳ್ಯದಲ್ಲಿ ಟಿಬೆಟ್ಟಿನಿಂದ ಬಂದವರ ಕ್ಯಾಂಪು, ಬಾಯಲ್ಲಿ ಕನ್ನಡವೂ ತಮಿಳೂ. ಇಡೀ ಕನ್ನಡ ಸಿನಿಮಾ ಯಾರ ಪಟಕ್ಕೆ ಕೈ ಮುಗಿಯುತ್ತದೋ ಆ ರಾಜಕುಮಾರ್ ಹೆಸರಿನ ಮುಂದಿನ ಸಿಂಗಾನಲ್ಲೂರು ಕೂಡ ಈ ಸೀಮೆಯ ಊರೇ. ಪೇಟೆಯ ಕಲೆ ಯಾವುದನ್ನು ‘ಜಾನಪದ’ ಅಂತ ಎತ್ತಿಕೊಂಡು ಹೋಗುತ್ತದೋ ಅದು ನಮ್ಮ ಜಗಲಿಯ ಮೇಲೆ ರಾತ್ರಿಯೆಲ್ಲ ಹಾಡಿದ್ದು. ಹೀಗಾಗಿ ನೆನಪಿನ ವ್ಯಾಪಾರದಲ್ಲಿ ನಾವು ಗಿರಾಕಿಗಳು ಮಾತ್ರವಲ್ಲ, ಸರಕೂ ನಮ್ಮದೇ.

ಹಿಂದಿನವರನ್ನು ನೆನೆಯುವುದು ಕನ್ನಡಕ್ಕೆ ನಿನ್ನೆ ಮೊನ್ನೆ ಬಂದ ಚಾಳಿಯಲ್ಲ. ಹಳಗನ್ನಡದ ಕವಿ ಕಾವ್ಯ ಶುರು ಮಾಡುವಾಗ ಪೂರ್ವಕವಿಗಳನ್ನು ಸ್ತುತಿಸುತ್ತಿದ್ದ. ಆ ಸ್ತುತಿಯಲ್ಲಿ ಯಾರ ಹೆಸರು ಬರುತ್ತಿತ್ತು? ಆಸ್ಥಾನ ಕಂಡವರದು, ಓಲೆಗರಿ ಕೈಗೆ ಸಿಕ್ಕವರದು, ತಮ್ಮ ಮತದವರದು. ರಾಗಿ ಬೀಸುತ್ತ ಕತೆ ಕಟ್ಟಿದವಳ ಹೆಸರು ಬರಲಿಲ್ಲ. ತಂಬೂರಿ ಹಿಡಿದು ಊರೂರು ತಿರುಗಿದವನ ಹೆಸರೂ ಬರಲಿಲ್ಲ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದಾಗ ನಾಡೇ ಹೊತ್ತಿ ಉರಿಯಿತು, ಅವರ ಮಂತ್ರಿಗಿರಿಯೂ ಹೋಯಿತು. ಆ ಮಾತಿನೊಳಗಿದ್ದ ಪ್ರಶ್ನೆ ಇಷ್ಟೇ: ಈ ಸ್ತುತಿಪಟ್ಟಿಯಲ್ಲಿ ನಾವೆಲ್ಲಿದ್ದೇವೆ? ಇವತ್ತು ಪಟ್ಟಿ ಬದಲಾಗಿದೆ. ಪಂಪ ರನ್ನರ ಜಾಗದಲ್ಲಿ ಸಿನಿಮಾ ನಾಯಕರು ಕೂತಿದ್ದಾರೆ. ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಒಂದೆರಡು ಚಿತ್ರ ಬಿಚ್ಚಿ ನೋಡೋಣ.

1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರ ‘ನಾಗರಹಾವು’ ಬಂತು. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ ಕತೆ. ಚಿತ್ರದುರ್ಗದ ಬ್ರಾಹ್ಮಣ ಹುಡುಗ ರಾಮಾಚಾರಿ. ಅವನ ಸಿಟ್ಟಿಗೆ ಬೇರು ಎಲ್ಲಿತ್ತು? ಅಲಮೇಲು ಜೊತೆ ಮದುವೆಗೆ ಜಾತಿ ಅಡ್ಡ ಬಂತು. ಮಾರ್ಗರೆಟ್ ಜೊತೆ ಬದುಕಲು ಧರ್ಮ ಅಡ್ಡ ಬಂತು. ಎರಡು ಸಲವೂ ಅಡ್ಡ ನಿಂತವರು ಅವನು ದೇವರಂತೆ ಕಾಣುವ ಚಾಮಯ್ಯ ಮೇಷ್ಟ್ರು. ಗುರುಭಕ್ತಿಯ ಹೆಸರಲ್ಲಿ ಜಾತಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಆ ಚಿತ್ರ, ತನಗೆ ಅರಿವಿತ್ತೋ ಇಲ್ಲವೋ, ತೋರಿಸಿಬಿಟ್ಟಿತು. ಕೊನೆಗೆ ಮೇಷ್ಟ್ರೂ ಸತ್ತರು, ರಾಮಾಚಾರಿಯೂ ಸತ್ತ, ಮಾರ್ಗರೆಟ್ಟಳೂ ಸತ್ತಳು.

2014ರಲ್ಲಿ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಬಂತು. ಇದರ ನಾಯಕ ವಿಷ್ಣುವರ್ಧನ್ ಅಭಿಮಾನಿ. ಹೆಸರು ಆ ರಾಮಾಚಾರಿಯದು, ಮೂಗಿನ ತುದಿಯ ಸಿಟ್ಟೂ ಅವನದೇ. ಜನ ಮುಗಿಬಿದ್ದು ನೋಡಿದರು. ಆದರೆ ಸಿಟ್ಟಿನ ಬೇರು ಎಲ್ಲಿ ಹೋಯಿತು? ಇಲ್ಲಿನ ಜಗಳ ಒಬ್ಬ ಹುಡುಗ ಒಬ್ಬ ಹುಡುಗಿಯ ಹಟದ ಜಗಳ. ಜಾತಿ ಕಳಚಿ ಬಿತ್ತು, ಸಿಟ್ಟು ಮಾತ್ರ ಉಳಿಯಿತು. ಬೇರಿಲ್ಲದ ಸಿಟ್ಟು ಒಳ್ಳೇ ಸರಕು. ಯಾರ ಮನೆಯ ಬಾಗಿಲನ್ನೂ ಅದು ಒದೆಯುವುದಿಲ್ಲ.

ಇನ್ನೊಂದು ಮಾತು ಗಮನಿಸಬೇಕು. ‘ನಾಗರಹಾವು’ ಚಿತ್ರದೊಳಗೇ ಒಂದು ದೊಡ್ಡ ನೆನಪಿತ್ತು: ಒನಕೆ ಓಬವ್ವನ ಹಾಡು, ಜಯಂತಿ ಆ ಪಾತ್ರ ಮಾಡಿದ್ದರು. ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಕಾವಲುಗಾರನ ಹೆಂಡತಿ. ಛಲವಾದಿಗಳು ತಮ್ಮ ಮನೆಮಗಳೆಂದು ಎದೆಗೊತ್ತಿಕೊಂಡಿರುವ ಹೆಣ್ಣು. ಸರ್ಕಾರ ನವೆಂಬರ್ 11ನ್ನು ಅವಳ ಜಯಂತಿಯೆಂದು ಆಚರಿಸಲು ತೊಡಗಿದ್ದು 2021ರಲ್ಲಿ. ಒಂದೇ ಚಿತ್ರದಲ್ಲಿ ಹಾವಿನ ರೋಷದ ರಾಮಾಚಾರಿಯೂ ಇದ್ದ, ಒನಕೆಯ ಓಬವ್ವನೂ ಇದ್ದಳು. ಮುಂದೆ ಹೆಸರಾಗಿ, ಶಿಳ್ಳೆಯಾಗಿ, ನಾಯಕನ ಹಚ್ಚೆಯಾಗಿ ಬೆಳೆದವನು ರಾಮಾಚಾರಿ. ನೆನಪಿಗೂ ಜಾತಿ ಇದೆ, ಗಂಡು ಹೆಣ್ಣಿನ ಭೇದ ಇದೆ ಗೆಳೆಯರೆ.

ಎರಡನೆಯ ಉದಾಹರಣೆ. 1971ರ ‘ಕಸ್ತೂರಿ ನಿವಾಸ’ದಲ್ಲಿ ರಾಜಕುಮಾರ್ ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ. ಇರುವುದನ್ನೆಲ್ಲ ಕೊಟ್ಟು ಕೊಟ್ಟು ಬರಿಗೈಯಾಗುವ ದಾನಿ. ಅದರ ಗೊಂಬೆಯ ಹಾಡು ಕನ್ನಡದವರ ಮನೆಮಾತು. 2017ರಲ್ಲಿ ಮಗ ಪುನೀತ್ ನಟಿಸಿದ ‘ರಾಜಕುಮಾರ’ ಚಿತ್ರ ಅದೇ ಗೊಂಬೆಯನ್ನು ಮತ್ತೆ ಹಾಡಿಗೆ ತಂದಿತು. ಅಪ್ಪನ ನೆನಪಿಗೆ ಮಗನ ನಮಸ್ಕಾರ. 2021ರಲ್ಲಿ ಪುನೀತ್ ತೀರಿಹೋದ ಮೇಲಂತೂ ಆ ಹಾಡು ಕೇಳಿ ಅಳದವರು ಕಡಿಮೆ. ಆ ಅಳುವನ್ನು ನಾವು ಹೀಗಳೆಯುವುದಿಲ್ಲ. ನಮ್ಮ ಕೇರಿಗಳಲ್ಲೂ ಆ ಪಟಕ್ಕೆ ಹಾರ ಬಿದ್ದಿತ್ತು. ಆದರೆ ವಿಮರ್ಶೆ ಅನ್ನುವುದು ಕಣ್ಣೀರು ಒರೆಸಿಕೊಂಡ ಮೇಲೆ ಮಾಡುವ ಕೆಲಸ. ಮೊದಲ ಚಿತ್ರದಿಂದ ಎರಡನೆಯದಕ್ಕೆ ದಾಟಿ ಬಂದದ್ದು ಯಾವುದು? ಕೊಡುವ ದೊಡ್ಡವನ ಕೈ. ಆ ಕಾರ್ಖಾನೆಯಲ್ಲಿ ಕಡ್ಡಿಗೆ ಮದ್ದು ಮೆತ್ತಿದ ಕೈಗಳು ಮೊದಲನೆಯದರಲ್ಲೂ ಅಂಚಿನಲ್ಲಿದ್ದವು, ನೆನಪಿನಲ್ಲಂತೂ ಅಳಿಸಿಯೇ ಹೋದವು. ದಾನಿಯನ್ನು ನೆನೆದರೆ ಸಾಕು, ಕೂಲಿಯ ಲೆಕ್ಕ ಯಾರೂ ಕೇಳುವುದಿಲ್ಲ.

ರಾಜಕುಮಾರ್ ಅವರ ಬದುಕನ್ನೇ ನೋಡಿ. 1929ರಲ್ಲಿ ಗಾಜನೂರಲ್ಲಿ ಹುಟ್ಟಿದ ಮುತ್ತುರಾಜ. ಪ್ರಾಥಮಿಕ ಶಾಲೆಯಲ್ಲೇ ಓದು ಬಿಟ್ಟು, ಅಪ್ಪ ಪುಟ್ಟಸ್ವಾಮಯ್ಯನ ಹಿಂದೆ ಗುಬ್ಬಿ ಕಂಪನಿ ಸೇರಿ, ನಾಟಕದ ಧೂಳು ಕುಡಿದು ಬೆಳೆದ ಈಡಿಗರ ಹುಡುಗ. 1954ರಲ್ಲಿ ನಾಯಕನಾಗಿ ಮಾಡಿದ ಮೊದಲ ಪಾತ್ರ ಬೇಡರ ಕಣ್ಣಪ್ಪ: ಶಿವನಿಗೆ ಬೇಟೆಯ ಮಾಂಸ ಎಡೆಯಿಟ್ಟವನು, ಪೂಜಾರಿಯ ಮಡಿಯನ್ನು ಮಾತಿಲ್ಲದೆ ಸೋಲಿಸಿದವನು. ಇವತ್ತಿನ ಚಿತ್ರಗಳು ಹೆಚ್ಚಾಗಿ ನೆನೆಯುವುದು ಯಾವ ರಾಜಕುಮಾರನನ್ನು? ಮಯೂರನನ್ನು, ಬಬ್ರುವಾಹನನನ್ನು, ಹಿರಣ್ಯಕಶಿಪುವನ್ನು. ಕಿರೀಟ ಇದ್ದವನಿಗೆ ಶಿಳ್ಳೆ. ಮಾಂಸದ ಎಡೆ ಹಿಡಿದವನು ಪೋಸ್ಟರಿನಿಂದ ಕೆಳಗಿಳಿದ.

ಯಾಕಂದ್ರೆ ಆ ಎಡೆ ಇವತ್ತಿಗೂ ಸುಡುತ್ತದೆ. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಮಾಂಸದ ಅಡುಗೆ ಮಾಡಿ ಸಿದ್ದಪ್ಪಾಜಿಗೆ ಎಡೆಯಿಟ್ಟು ಜಾತಿ ನೋಡದೆ ಸಾಲಾಗಿ ಕೂತು ಉಣ್ಣುವ ಊಟ ಅದು. ಈಚಿನ ವರ್ಷಗಳಲ್ಲಿ 1959ರ ಪ್ರಾಣಿಬಲಿ ತಡೆ ಕಾಯ್ದೆ ಮುಂದಿಟ್ಟು ಆಡಳಿತ ಅದಕ್ಕೆ ಅಡ್ಡ ನಿಂತಿತು; ಇದು ಬಲಿಯಲ್ಲ, ಸಹಪಂಕ್ತಿ ಊಟ ಅಂತ ಒಕ್ಕಲು ವಾದಿಸಿತು. ಕಣ್ಣಪ್ಪನನ್ನು ತೆರೆಯ ಮೇಲೆ ನಿಜವಾಗಿ ನೆನೆಯುವವನು ಈ ಜಗಳದಲ್ಲಿ ಒಂದು ಕಡೆ ನಿಲ್ಲಬೇಕಾಗುತ್ತದೆ. ಪಟಕ್ಕೆ ಕೈ ಮುಗಿಯುವವನಿಗೆ ಆ ಕಷ್ಟವಿಲ್ಲ.

ಹಾಗಾದರೆ ಲೆಕ್ಕ ಕೇಳುವ ನೆನಪು ಅಂದರೇನು? ಅದಕ್ಕೆ ದೂರ ಹೋಗಬೇಕಿಲ್ಲ. ನೀಲಗಾರರ ಮಂಟೇಸ್ವಾಮಿ ಕಾವ್ಯ ಕೇಳಿದರೆ ಸಾಕು. ಆ ಕಾವ್ಯ ಬಸವಣ್ಣನ ಕಲ್ಯಾಣವನ್ನು ನೆನೆಯುತ್ತದೆ. ಹೇಗೆ? ಕಲ್ಯಾಣದ ಕೀರ್ತಿ ಹಾಡಿ ಅಡ್ಡಬಿದ್ದು ಮುಂದೆ ಹೋಗುವುದಿಲ್ಲ. ಮಂಟೇದಯ್ಯ ಕೊಳೆತು ನಾರುವ ಮೈ ಹೊತ್ತು, ಸತ್ತ ಕರು ಹೊತ್ತು, ಹೆಂಡ ಹಿಡಿದು ಕಲ್ಯಾಣದ ಬಾಗಿಲಿಗೆ ಬಂದು ನಿಲ್ಲುತ್ತಾನೆ. ದಾಸೋಹ ಉಣ್ಣುತ್ತಿದ್ದ ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರು ಮೂಗು ಮುಚ್ಚಿಕೊಂಡು ಓಡುತ್ತಾರೆ. ಜಾತಿ ಇಲ್ಲ ಅಂದ ಊರಿಗೆ ಜಾತಿಯ ವಾಸನೆಯನ್ನೇ ಒಡ್ಡಿ ಪರೀಕ್ಷೆ ಮಾಡುವ ನೆನಪು ಇದು. ಬಸವಣ್ಣನ ಮೇಲೆ ದ್ವೇಷವಿಲ್ಲ; ಅವನು ಬಂದು ಗುರುತು ಹಿಡಿಯುತ್ತಾನೆ, ಹೊತ್ತುಕೊಳ್ಳುತ್ತಾನೆ, ದೊಡ್ಡವನಾಗುತ್ತಾನೆ. ದೊಡ್ಡವರನ್ನು ಹೀಗೆ ನೆನೆಯಬೇಕು: ಅವರ ಮಾತನ್ನು ಅವರ ಬಾಗಿಲಲ್ಲೇ ಇಟ್ಟು ತೂಗಬೇಕು. ಓದು ಬರಹ ಇಲ್ಲದವರು ಅಂತ ಕರೆಸಿಕೊಂಡ ಹಾಡುಗಾರರು ಈ ವಿಮರ್ಶೆ ಮಾಡಿದರು. ಪಂಡಿತರು ಇದನ್ನು ಕೇಳಿಸಿಕೊಳ್ಳಲು ನೂರಾರು ವರ್ಷ ಬೇಕಾಯಿತು.

ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದೇಶ್ವರನ ಕಾವ್ಯದಲ್ಲಿ ಇನ್ನೊಂದು ಚಮತ್ಕಾರವಿದೆ. ಕಲ್ಯಾಣದ ಹರಳಯ್ಯ ಎಲ್ಲರಿಗೂ ಗೊತ್ತು. ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಹೊಲಿದವನು. ಮಾದಪ್ಪನ ಹಾಡಿನಲ್ಲಿ ಹರಳಯ್ಯ ಮತ್ತೆ ಬರುತ್ತಾನೆ. ದೇವತೆಗಳನ್ನೇ ಸೆರೆಯಲ್ಲಿಟ್ಟ ದೊರೆ ಶ್ರವಣನನ್ನು ಮುಗಿಸಲು ಮೆಟ್ಟು ಬೇಕು. ಅದನ್ನು ಮಾಡಿಕೊಡುವವನು ಈ ಮಾದಿಗರ ಹರಳಯ್ಯ. ಭಕ್ತಿಗೆ ಹೊಲಿದ ಕೈ ಇಲ್ಲಿ ದೊರೆಯ ಸಾವಿಗೆ ಹೊಲಿಯಿತು. ಹಳೆಯ ಕತೆಯ ಮನುಷ್ಯನನ್ನು ಕರೆತಂದು ಅವನ ಕಸುಬಿಗೇ ಹೊಸ ಬಲ ಕೊಡುವುದು ಅಂದರೆ ಇದು. ಹೆಸರಿಗೆ ಹಾರ ಹಾಕಲಿಲ್ಲ, ಕೈಗೆ ಕೆಲಸ ಕೊಟ್ಟರು.

ಈಗ ಅದೇ ಮಾದಪ್ಪನ ಹಾಡು ಪೇಟೆಗೆ ಹೋದ ಕತೆ ನೋಡಿ. ‘ಕೋಲುಮಂಡೆ’ ಹಾಡು ನಾಗಾಭರಣರ ‘ಜನುಮದ ಜೋಡಿ’ (1996) ಚಿತ್ರದಿಂದ ನಾಡಿಗೆಲ್ಲ ಹಬ್ಬಿತು. ಎಲ್.ಎನ್. ಶಾಸ್ತ್ರಿ ಹಾಡಿದ್ದರು. 2020ರ ಆಗಸ್ಟಿನಲ್ಲಿ ಚಂದನ್ ಶೆಟ್ಟಿ ಅದನ್ನು ರ್‍ಯಾಪ್ ಧಾಟಿಗೆ ತಂದು ವಿಡಿಯೋ ಮಾಡಿದರು. ಶರಣೆ ಸಂಕಮ್ಮನನ್ನು ಅಸಭ್ಯವಾಗಿ ತೋರಿಸಲಾಗಿದೆ ಅಂತ ಭಕ್ತರು ಸಿಟ್ಟಾದರು. ಹಾಡುಗಾರರು ಕ್ಷಮೆ ಕೇಳಿದರು, ವಿಡಿಯೋ ಯೂಟ್ಯೂಬಿನಿಂದ ಇಳಿಯಿತು. ಅಲ್ಲಿಗೆ ಗಲಾಟೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು.

ನಮಗೆ ಅಲ್ಲಿಗೆ ಮುಗಿಯುವುದಿಲ್ಲ. ರ್‍ಯಾಪ್ ಮಾಡಿದ್ದು ತಪ್ಪು ಅಂತ ನಾವು ಹೇಳುವುದಿಲ್ಲ. ಅಮೆರಿಕದ ಕರಿಯರ ಕೇರಿಯಲ್ಲಿ ಹುಟ್ಟಿದ ಧಾಟಿ ಅದು. ನಮ್ಮ ತಂಬೂರಿಗೆ ದೂರದ ನೆಂಟ. ಬಟ್ಟೆ ಗಿಡ್ಡವಾಯಿತು ಅನ್ನುವ ಜಗಳದಲ್ಲೂ ನಮಗೆ ಆಸಕ್ತಿ ಇಲ್ಲ. ಆ ಜಗಳ ಬೇಗ ಮಡಿವಂತರ ಕೈಗೆ ಹೋಗುತ್ತದೆ. ನಮ್ಮ ತಕರಾರು ಬೇರೆ. ಸಂಕಮ್ಮ ಯಾರು? ಸೋಲಿಗರ ನೀಲೇಗೌಡನ ಹೆಂಡತಿ. ಗಂಡ ಜೇನು ಕೀಳಲು ಕಾಡಿಗೆ ಹೋಗುವ ಮುಂಚೆ, ನೀನು ಶೀಲವಾಗಿರುತ್ತೀನಿ ಅಂತ ಭಾಷೆ ಕೊಡು ಅಂತ ಹಟ ಹಿಡಿಯುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆ ಮಾಡುತ್ತಾನೆ, ಆಗಲೂ ಕೊಡುವುದಿಲ್ಲ. ಅಗ್ನಿಗೆ ಇಳಿದ ಸೀತೆಯನ್ನು ಮನೆಮನೆಗೂ ಕಲಿಸಿದ ನಾಡಿನಲ್ಲಿ, ಶೀಲದ ಪರೀಕ್ಷೆಯನ್ನೇ ಒಲ್ಲೆ ಅಂದ ಕಾಡಿನ ಹೆಣ್ಣೊಬ್ಬಳನ್ನು ಈ ಹಾಡುಗಾರರು ಕಟ್ಟಿ ನಿಲ್ಲಿಸಿದರು. ಅವಳ ಹೆಸರು ತೆಗೆದುಕೊಳ್ಳುವವನು ಆ ‘ಒಲ್ಲೆ’ಯನ್ನು ತರಬೇಕಿತ್ತು. ಕುಣಿಸಿದವರೂ ಅದನ್ನು ತರಲಿಲ್ಲ. ಭಕ್ತಿಯಿಂದ ಸಿಟ್ಟಾದವರಲ್ಲೂ ಅನೇಕರು ಅವಳನ್ನು ಕೈಮುಗಿಯುವ ಬೊಂಬೆ ಮಾಡಿ ಕೂರಿಸಿದರು. ಕುಣಿಯುವ ಬೊಂಬೆ, ಪೂಜೆಯ ಬೊಂಬೆ. ಎರಡಕ್ಕೂ ಬಾಯಿಲ್ಲ.

ಇದರ ಜೊತೆಗೆ ‘ಸಾಹಿತ್ಯ: ಜಾನಪದ’ ಅನ್ನುವ ಎರಡು ಪದದ ಮೋಸವಿದೆ. ಕ್ಯಾಸೆಟ್ಟಿನ ಕಾಲದಿಂದ ಇವತ್ತಿನವರೆಗೂ ಇದು ನಡೆದು ಬಂದಿದೆ. ರಾಗ ಹಾಕಿದವನಿಗೆ ಹೆಸರಿದೆ, ಮಾರಿದವನಿಗೆ ಹೆಸರಿದೆ. ಹಾಡನ್ನು ಹೊತ್ತು ತಂದವರಿಗೆ ‘ಜಾನಪದ’ ಅಂತ ಒಟ್ಟು ಹೆಸರು. ಯಾರ ಬಾಯಿಂದ ಕೇಳಿದಿರಿ ಅಂತ ಕೇಳಿದರೆ ಉತ್ತರವಿಲ್ಲ. ಹೀಗಲ್ಲದೆಯೂ ಮಾಡಬಹುದು. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಾದೇಶ್ವರ ಕಾವ್ಯವನ್ನು 2001ರಲ್ಲಿ ಸಾಹಿತ್ಯ ಅಕಾಡೆಮಿ ಇಂಗ್ಲಿಷಿನಲ್ಲಿ ತಂದಾಗ, ಹೆಬ್ಬಣಿ ಮಾದಯ್ಯ ಮತ್ತು ಮೇಳದವರು ಹಾಡಿದ್ದು ಎಂದು ಪುಸ್ತಕದ ಹೆಸರಿನಲ್ಲೇ ಅಚ್ಚಾಯಿತು. ಇದು ದಯೆಯಲ್ಲ, ಲೆಕ್ಕ. ಕಾವ್ಯದ ಭಾಗವನ್ನು ನಮ್ಮವರು ‘ಸಾಲು’ ಅಂತಾರೆ. ಸಂಕಮ್ಮನ ಸಾಲು, ಶ್ರವಣನ ಸಾಲು. ಸಾಲು ತೆಗೆದುಕೊಂಡವನ ಮೇಲೆ ಸಾಲವೂ ಇರುತ್ತದೆ.

ಇನ್ನು ಈಚಿನವರಲ್ಲಿ ಲೆಕ್ಕ ಕೇಳುವ ನೆನಪು ಮಾಡಿದವರಿಲ್ಲವೇ? ಇದ್ದಾರೆ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ನೋಡಿ. ರಾತ್ರಿ ದೀಪ ಆರಿಸಿದ ಮೇಲೆ ಮನೆಮನೆಯ ಜ್ಯೋತಿಗಳು ಒಂದೆಡೆ ಸೇರಿ ತಮ್ಮ ತಮ್ಮ ಮನೆಯ ಗುಟ್ಟು ಹೇಳಿಕೊಳ್ಳುವುದು ನಮ್ಮ ಅಜ್ಜಿಯರ ಕತೆ. ಮಹಾದೇವ ಆ ಜ್ಯೋತಿಗಳನ್ನು ಜೋತಮ್ಮಂದಿರಾಗಿ ಕರೆತಂದರು. ಅಂದಕ್ಕೆ ಕರೆತರಲಿಲ್ಲ. ಮೇಲುಜಾತಿಯ ಕುಸುಮಳನ್ನು ಒಲಿದ ಹೊಲಗೇರಿಯ ಚೆನ್ನ ಏನಾದ ಅನ್ನುವುದನ್ನು ಹಗಲಿನ ಮನುಷ್ಯರು ಬಾಯಿಬಿಡದ ಊರಿನಲ್ಲಿ, ಸಾಕ್ಷಿ ಹೇಳಬಲ್ಲವರು ದೀಪಗಳೇ. ಅಜ್ಜಿ ಕತೆಯನ್ನು ಕೊಲೆಯ ಸಾಕ್ಷಿಗೆ ನಿಲ್ಲಿಸಿದ ಬಗೆ ಇದು. ಅಜ್ಜಿ ಕತೆ ಗೊತ್ತಿಲ್ಲದವನಿಗೂ ಆ ಸಾಕ್ಷಿ ಕೇಳಿಸುತ್ತದೆ, ಗೊತ್ತಿದ್ದವನಿಗೆ ಎರಡು ಪಾಲು ಕೇಳಿಸುತ್ತದೆ.

ನೆರೆಯವರ ಸಿನಿಮಾ ಕೂಡ ಇದನ್ನು ಮಾಡಿದೆ. ಲೊಕ್ಕನಹಳ್ಳಿ ಕಡೆ ರಜನಿ ಚಿತ್ರಕ್ಕೆ ಕನ್ನಡದವರು ತಮಿಳಿನವರು ಅನ್ನುವ ಭೇದವಿಲ್ಲ. ಪಾ. ರಂಜಿತ್ ಅವರ ‘ಕಬಾಲಿ’ (2016) ಚಿತ್ರದಲ್ಲಿ ಜೈಲಿನಿಂದ ಹೊರಡುವ ಮುಂಚೆ ರಜನಿ ಕೈಯಲ್ಲಿ ಒಂದು ಪುಸ್ತಕವಿದೆ: ವೈ.ಬಿ. ಸತ್ಯನಾರಾಯಣ ಬರೆದ ‘ಮೈ ಫಾದರ್ ಬಾಲಯ್ಯ’, ತೆಲಂಗಾಣದ ಒಂದು ದಲಿತ ಕುಟುಂಬದ ಕತೆ. ‘ಕಾಲಾ’ (2018) ಚಿತ್ರದ ಜೀಪಿನ ನಂಬರಿನಲ್ಲಿ ಬಿ.ಆರ್. ಇದೆ, 1956 ಇದೆ. ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧರಾದ ವರ್ಷ. ಗುರುತು ಹಿಡಿದ ಹುಡುಗ ಬರೀ ಶಿಳ್ಳೆ ಹೊಡೆದು ಕೂರುವಂತಿಲ್ಲ. ಆ ವರ್ಷ ಏನಾಯಿತು ಅಂತ ಗೆಳೆಯನಿಗೆ ಹೇಳಬೇಕಾಗುತ್ತದೆ. ನಾಗರಾಜ ಮಂಜುಳೆಯವರ ಮರಾಠಿ ಚಿತ್ರ ‘ಫಂಡ್ರಿ’ (2013) ಇನ್ನೂ ಒಂದು ಹೆಜ್ಜೆ ಮುಂದೆ. ಹಂದಿ ಹಿಡಿದು ಕಟ್ಟಿ ಹೊತ್ತುಕೊಂಡು ಹೋಗುವ ಕುಟುಂಬ ಶಾಲೆಯ ಗೋಡೆ ಮುಂದೆ ಹಾಯುತ್ತದೆ. ಗೋಡೆಯ ಮೇಲೆ ಅಂಬೇಡ್ಕರ್, ಫುಲೆ ದಂಪತಿಗಳ ಚಿತ್ರ. ಯಾರೂ ಕೈ ಮುಗಿಯುವುದಿಲ್ಲ. ಗೋಡೆಯ ಮೇಲಿನ ಮುಖಕ್ಕೂ ಕೆಳಗೆ ಹೊತ್ತ ಹಂದಿಗೂ ನಡುವೆ ಎಷ್ಟು ದೂರ ಉಳಿದಿದೆ ಅಂತ ಕ್ಯಾಮೆರಾ ಅಳೆದು ತೋರಿಸುತ್ತದೆ. ಪಟ ಅಲ್ಲಿ ಪೂಜೆಗಿಲ್ಲ; ನಮ್ಮನ್ನು ವಿಚಾರಿಸಿಕೊಳ್ಳಲು ಇದೆ.

ಈ ಅಳತೆಗೋಲನ್ನು ನಮ್ಮ ಪಾಳಯದ ಮೇಲೂ ಇಡಬೇಕು. ಇಲ್ಲದಿದ್ದರೆ ಅದು ಪಕ್ಷಪಾತದ ತಕ್ಕಡಿ. ಬಂಡಾಯದ ಹೆಸರಿನಲ್ಲಿ ಬರುವ ಎಷ್ಟೋ ಕವಿತೆಗಳಲ್ಲಿ ಏಕಲವ್ಯನ ಹೆಬ್ಬೆರಳು, ಶಂಬೂಕನ ತಲೆ, ಬುದ್ಧನ ನಗೆ, ಭೀಮನ ಬೆರಳು ಸಾಲಾಗಿ ನಿಂತಿರುತ್ತವೆ. ರಬ್ಬರ್ ಮುದ್ರೆ ಒತ್ತಿದ ಹಾಗೆ. ಏಕಲವ್ಯ ಬಂದ ಅಂದ ಮೇಲೆ ಈ ವರ್ಷ ನಮ್ಮ ಊರ ಹಾಸ್ಟೆಲಿನಲ್ಲಿ ಓದು ಬಿಟ್ಟ ಹುಡುಗ ಯಾರು, ಪೋಡಿನಿಂದ ಶಾಲೆಗೆ ಬಾರದ ಸೋಲಿಗರ ಹುಡುಗಿ ಯಾರು ಅನ್ನುವುದೂ ಬರಬೇಕು. ಬಾರದಿದ್ದರೆ ಅದೂ ಪಟಪೂಜೆಯೇ. ಪಟ ಬೇರೆ, ಅಷ್ಟೇ. ಪಟಪೂಜೆ ಬೇಡ ಅಂತ ವ್ಯಕ್ತಿಪೂಜೆಯ ಅಪಾಯವನ್ನು 1949ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲೇ ಎಚ್ಚರಿಸಿದವರು ಬಾಬಾಸಾಹೇಬರು.

ಹೆಸರು ತುಂಬಿದ ಕೃತಿಗಳು ಇನ್ನೊಂದು ಕೇಡು ಮಾಡುತ್ತವೆ. ಓದುಗರನ್ನು ಎರಡು ಪಂಕ್ತಿ ಮಾಡಿ ಕೂರಿಸುತ್ತವೆ: ಗೊತ್ತಿದ್ದವರ ಪಂಕ್ತಿ, ಗೊತ್ತಿಲ್ಲದವರ ಪಂಕ್ತಿ. ಇಂಗ್ಲಿಷ್ ಕಾದಂಬರಿ, ಹಾಲಿವುಡ್ ಚಿತ್ರ, ಯುರೋಪಿನ ಕವಿಗಳ ಸುಳಿವು ತುಂಬಿ ಬರೆದು, ‘ತಿಳಿದವರು ತಿಳಿಯುತ್ತಾರೆ’ ಅಂತ ಮುಗುಳ್ನಗುವ ಬರಹಗಾರ ಹೊಸ ಮಡಿ ಉಟ್ಟವನು. ನೀಲಗಾರ ಹೀಗೆ ಮಾಡುವುದಿಲ್ಲ. ಕಲ್ಯಾಣ ಎಂದರೆ ಯಾವುದು ಅಂತ ಗೊತ್ತಿಲ್ಲದ ಮಗುವಿಗೂ ಕಲ್ಯಾಣವನ್ನು ಕಟ್ಟಿ ತೋರಿಸಿ, ಆಮೇಲೆ ಮಂಟೇದಯ್ಯನನ್ನು ಬಾಗಿಲಿಗೆ ತರುತ್ತಾನೆ. ಎಲ್ಲರಿಗೂ ಒಂದೇ ಪಂಕ್ತಿ, ಎಲ್ಲರಿಗೂ ಅದೇ ಎಡೆ.

ಹಳ್ಳಿಯ ಮೇಷ್ಟ್ರುಗಳಿಗೆ, ಕಾಲೇಜಿನ ಹುಡುಗ ಹುಡುಗಿಯರಿಗೆ ನಮ್ಮ ಕೋರಿಕೆ ಇಷ್ಟು. ಸಿನಿಮಾ ನೋಡಬೇಡಿ ಅಂತ ಮಕ್ಕಳಿಗೆ ಹೇಳಬೇಡಿ. ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಹಾಡಿನಲ್ಲಿ, ಚಿತ್ರದಲ್ಲಿ, ಪದ್ಯದಲ್ಲಿ ಹಳೆಯ ಹೆಸರೊಂದು ಕೇಳಿದ ಕೂಡಲೆ ಮೂರು ಪ್ರಶ್ನೆ ಹಾಕುವುದನ್ನು ಕಲಿಸಿ. ಈ ಹೆಸರಿನವರು ಏನು ಕೇಳಿದ್ದರು? ಆ ಪ್ರಶ್ನೆ ಇಲ್ಲಿ ಬಂದಿದೆಯೋ, ಮುಖ ಮಾತ್ರ ಬಂದಿದೆಯೋ? ಇದೇ ಸಾಲಿನಲ್ಲಿ ಇರಬೇಕಾಗಿದ್ದ ಯಾರ ಹೆಸರು ಬಿಟ್ಟುಹೋಗಿದೆ? ನಿಮ್ಮ ಊರಲ್ಲಿ ತಂಬೂರಿ ಹಿಡಿಯುವವರು, ಕಂಸಾಳೆ ಬೀಸುವವರು ಇನ್ನೂ ಇದ್ದರೆ ತರಗತಿಗೆ ಕರೆಯಿರಿ, ಹಾಡಿಸಿ, ಹಾಡು ಬರೆದುಕೊಳ್ಳುವಾಗ ಮೇಲೆ ಅವರ ಹೆಸರು ಬರೆಯಿರಿ, ಅವರಿಗೆ ಕಲಿಸಿದವರ ಹೆಸರೂ ಬರೆಯಿರಿ. ‘ಜಾನಪದ’ ಅಂತ ಬರೆದು ಕೈ ತೊಳೆದುಕೊಳ್ಳಬೇಡಿ.

ನೆನಪು ಬಡವರ ಆಸ್ತಿ. ಭೂಮಿ ಹೋದಾಗಲೂ, ಕಾಡು ಹೋದಾಗಲೂ ಇವರ ಬಾಯಲ್ಲಿ ಉಳಿದದ್ದು ಅದೊಂದೇ. ಅದನ್ನು ಕೊಂಡುಹೋಗುವವರು ಕೊಂಡುಹೋಗಲಿ. ಆದರೆ ಸಂಕಮ್ಮನನ್ನು ಕೊಂಡುಹೋಗುವವರು ಅವಳ ‘ಒಲ್ಲೆ’ಯನ್ನೂ ಹೊರಬೇಕು, ಮಂಟೇದಯ್ಯನನ್ನು ಕರೆದೊಯ್ಯುವವರು ಅವನ ನಾತವನ್ನೂ ತಡೆದುಕೊಳ್ಳಬೇಕು. ಮೂಗು ಮುಚ್ಚಿಕೊಂಡು ಕೈ ಮುಗಿಯುವವರನ್ನು ಆ ಹಾಡು ಯಾವತ್ತೋ ಗುರುತು ಹಿಡಿದಿದೆ.